ಮತದಾರನ ಪ್ರಶ್ನೆ ಮತ್ತು ಸರಕಾರದ ಲೆಕ್ಕಪತ್ರ

2005ರ ಏಪ್ರಿಲ್ 28ರ ರಾತ್ರಿ. ಬ್ರಿಟನ್ನಿನ ಮಹಾಚುನಾವಣೆಗೆ ಕೇವಲ ಒಂದು ವಾರ ಉಳಿದಿತ್ತು. ಬಿಬಿಸಿಯ ‘ಕ್ವೆಶ್ಚನ್ ಟೈಮ್’ ಕಾರ್ಯಕ್ರಮದ ವಿಶೇಷ ಸಂಚಿಕೆಯಲ್ಲಿ ಮೂರು ಪ್ರಮುಖ ಪಕ್ಷಗಳ ನಾಯಕರು ಪ್ರತ್ಯೇಕವಾಗಿ ಬಂದು ಜನಸಾಮಾನ್ಯರ ಪ್ರಶ್ನೆಗಳನ್ನು ಎದುರಿಸಿದರು. ಎಂಟು ವರ್ಷಗಳಿಂದ ಆ ದೇಶವನ್ನು ಆಳುತ್ತಿದ್ದ ಪ್ರಧಾನಿ ಟೋನಿ ಬ್ಲೇರ್ ನಿಂತಾಗ ಸಭಿಕರ ನಡುವಿನಿಂದ ಓರ್ವ ಮಹಿಳೆ ಎದ್ದು ಒಂದು ಸಣ್ಣ ದೂರನ್ನು ಮುಂದಿಟ್ಟರು. ತನ್ನ ಮಗನನ್ನು ಒಂದು ವಾರದ ಬಳಿಕ ಮತ್ತೆ ಕರೆತರಬೇಕೆಂದು ವೈದ್ಯರು ಹೇಳಿದ್ದಾರೆ. ಆದರೆ ಚಿಕಿತ್ಸಾಲಯದವರು ಅಷ್ಟು ಮುಂಚಿತವಾಗಿ ದಿನ ಗೊತ್ತುಪಡಿಸಲು ಒಪ್ಪುವುದಿಲ್ಲ. ಕಾರಣವೇನೆಂದರೆ, ರೋಗಿಗೆ 48 ಗಂಟೆಗಳೊಳಗೆ ವೈದ್ಯರ ಭೇಟಿ ದೊರೆಯಬೇಕೆಂದು ಸರಕಾರ ಗುರಿ ನಿಗದಿಪಡಿಸಿತ್ತು. ಆ ಗುರಿಯನ್ನು ಕಾಗದದ ಮೇಲೆ ತಲುಪಲಿಕ್ಕಾಗಿ ಮುಂಗಡ ನೋಂದಣಿಯನ್ನೇ ನಿಲ್ಲಿಸಲಾಗಿತ್ತು!

ಪ್ರಧಾನಿ ಅಚ್ಚರಿಗೊಂಡರು. ಹೀಗೊಂದು ತೊಂದರೆಯಿದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ. ನಿರೂಪಕ ಡೇವಿಡ್ ಡಿಂಬಲ್‌ಬಿ ಇಂತಹ ಅನುಭವ ಇನ್ನಾರಿಗಾದರೂ ಆಗಿದೆಯೇ ಎಂದು ಕೇಳಿದಾಗ ಹಲವು ಕೈಗಳು ಮೇಲೆದ್ದವು. ಸಚಿವಾಲಯದ ಅಂಕಿಅಂಶಗಳಲ್ಲಿ ಯಶಸ್ಸೆಂದು ದಾಖಲಾಗಿದ್ದ ಯೋಜನೆಯೊಂದು ಓರ್ವ ತಾಯಿಯ ಬಾಯಲ್ಲಿ ಸಂಕಷ್ಟವಾಗಿ ಹೊರಬಂದಿತ್ತು. ಸರಕಾರವೊಂದು ಎಂಟು ವರ್ಷ ಆಳಿದ ಬಳಿಕವೂ ತನ್ನದೇ ಆಡಳಿತದ ಪರಿಣಾಮವನ್ನು ತಿಳಿಯದೆ ಇರಬಹುದು; ಅದನ್ನು ತಿಳಿಸುವ ಸಾಮರ್ಥ್ಯ ಸಾಮಾನ್ಯ ಮತದಾರನಿಗಿದೆ ಎಂಬುದನ್ನು ಆ ರಾತ್ರಿ ಸ್ಪಷ್ಟಪಡಿಸಿತು.

ಈ ಘಟನೆಯನ್ನು ನಾವು ಇಂದು ನೆನಪಿಸಿಕೊಳ್ಳಲು ಕಾರಣವಿದೆ. ಚುನಾವಣೆಯೆಂದರೆ ಗೆಲುವು ಸೋಲುಗಳ ಆಟವೆಂದೇ ನಾವು ತಿಳಿದುಕೊಂಡಿದ್ದೇವೆ. ಯಾರು ಎಷ್ಟು ಸ್ಥಾನ ಪಡೆದರು, ಯಾರು ಸರಕಾರ ರಚಿಸಿದರು ಎಂಬಲ್ಲಿಗೆ ನಮ್ಮ ಆಸಕ್ತಿ ಮುಗಿದುಬಿಡುತ್ತದೆ. ಆದರೆ ಚುನಾವಣೆಯು ಮೂಲತಃ ಲೆಕ್ಕ ಒಪ್ಪಿಸುವ ದಿನವಾಗಿದೆ. ಆಳಿದವನು ತನ್ನ ಆಡಳಿತದ ಪ್ರತಿಯೊಂದು ಬಾಬತ್ತಿಗೂ ಉತ್ತರ ನೀಡಬೇಕಾದ ದಿನ. ಒಂದು ಪುಟದಲ್ಲಿರುವ ಒಳಿತು ಇನ್ನೊಂದು ಪುಟದಲ್ಲಿರುವ ಕೆಡುಕನ್ನು ಅಳಿಸಿಹಾಕುತ್ತದೆಯೇ? ಅಳಿಸುವುದಿಲ್ಲವೆಂದಾದರೆ, ಕೈಯಲ್ಲಿರುವ ಒಂದೇ ಒಂದು ಮತದಿಂದ ಮತದಾರನು ಎರಡಕ್ಕೂ ಹೇಗೆ ತೀರ್ಪು ನೀಡಬೇಕು? 2005ರ ಬ್ರಿಟನ್ ಈ ಪ್ರಶ್ನೆಯನ್ನು ಎದುರಿಸಿದಷ್ಟು ತೀವ್ರವಾಗಿ ಎದುರಿಸಿದ ದೇಶಗಳು ವಿರಳ.

ಅಧಿಕಾರಸ್ಥರನ್ನು ಸಾಮಾನ್ಯರು ಮುಖಾಮುಖಿಯಾಗಿ ಪ್ರಶ್ನಿಸುವ ರೂಢಿ ಆ ದೇಶದಲ್ಲಿ ಅಂದು ಹೊಸತಾಗಿರಲಿಲ್ಲ. 1983ರ ಚುನಾವಣೆಯ ವೇಳೆ ಮಾರ್ಗರೆಟ್ ಥ್ಯಾಚರ್ ಫಾಕ್‌ಲೆಂಡ್ಸ್ ಯುದ್ಧದ ವಿಜಯದ ಅಲೆಯ ಮೇಲಿದ್ದರು. ಆಗ ಓರ್ವ ಶಿಕ್ಷಕಿ ಟಿವಿಯ ನೇರ ಪ್ರಸಾರದಲ್ಲಿ ಅವರನ್ನು ತಡೆದು ನಿಲ್ಲಿಸಿದರು. 1982ರ ಮೇ 2ರಂದು ಅರ್ಜೆಂಟೀನಾದ ಯುದ್ಧನೌಕೆ ‘ಜನರಲ್ ಬೆಲ್‌ಗ್ರಾನೊ’ ದ್ವೀಪಗಳಿಂದ ದೂರಕ್ಕೆ ಸಾಗುತ್ತಿದ್ದಾಗ ಅದನ್ನೇಕೆ ಮುಳುಗಿಸಲಾಯಿತು ಎಂಬುದು ಅವರ ಪ್ರಶ್ನೆಯಾಗಿತ್ತು. ಆ ನೌಕೆಯೊಂದಿಗೆ 323 ಮಂದಿ ಪ್ರಾಣ ಕಳೆದುಕೊಂಡಿದ್ದರು. ಪ್ರಧಾನಿ ಎಷ್ಟು ವಿವರಿಸಿದರೂ ಆ ಶಿಕ್ಷಕಿ ಪಟ್ಟು ಸಡಿಲಿಸಲಿಲ್ಲ. ಥ್ಯಾಚರ್ ಆ ಚುನಾವಣೆಯನ್ನು ಭಾರೀ ಬಹುಮತದಿಂದ ಗೆದ್ದರು, ನಿಜ. ಆದರೆ ಪ್ರಶ್ನೆ ಸೋಲಲಿಲ್ಲ. ಇಂದಿಗೂ ಆ ಯುದ್ಧದ ಪ್ರಸ್ತಾಪ ಬಂದಾಗ ಆ ಪ್ರಶ್ನೆಯೂ ನೆನಪಾಗುತ್ತದೆ.

2001ರ ಚುನಾವಣೆಯಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಸ್ಪತ್ರೆಯೊಂದರ ಹೊರಗೆ ಓರ್ವ ಮಹಿಳೆ ಕ್ಯಾನ್ಸರ್ ಪೀಡಿತನಾದ ತನ್ನ ಸಂಗಾತಿಗೆ ದೊರೆತ ಚಿಕಿತ್ಸೆಯ ಬಗ್ಗೆ ಬ್ಲೇರ್‌ರನ್ನು ಕ್ಯಾಮೆರಾಗಳ ಮುಂದೆಯೇ ತರಾಟೆಗೆ ತೆಗೆದುಕೊಂಡಿದ್ದರು. 2005ರ ಫೆಬ್ರವರಿಯಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಆಸ್ಪತ್ರೆಯ ಓರ್ವ ಉದ್ಯೋಗಿ, ಗಂಟೆಗೆ ಐದು ಪೌಂಡ್ ಕೂಲಿಗೆ ರೋಗಿಗಳ ಮಲಮೂತ್ರ ಒರೆಸುವ ಕೆಲಸವನ್ನು ತಾವು ಮಾಡುವಿರಾ ಎಂದು ಪ್ರಧಾನಿಯನ್ನು ಕೇಳಿದರು. ಮತದಾರರ ಕೋಪವನ್ನು ಎದುರಿನಲ್ಲೇ ನಿಂತು ಕೇಳಿಸಿಕೊಂಡರೆ ಅದು ಅರ್ಧಕ್ಕಿಳಿಯುತ್ತದೆಂಬ ಲೆಕ್ಕಾಚಾರ ಬ್ಲೇರ್‌ರ ಸಲಹೆಗಾರರದ್ದಾಗಿತ್ತು. ಪತ್ರಿಕೆಗಳು ಇದನ್ನು ಆತ್ಮಪೀಡನೆಯ ತಂತ್ರವೆಂದು ಕರೆದವು. ತಂತ್ರವೇ ಇರಬಹುದು. ಆದರೂ ಆಳುವವನು ಆಳಿಸಿಕೊಳ್ಳುವವರ ಮುಂದೆ ಬೆವರುವ ದೃಶ್ಯಕ್ಕೆ ತನ್ನದೇ ಆದ ಮೌಲ್ಯವಿದೆ ಎಂದು ನಾವು ಭಾವಿಸುತ್ತೇವೆ.

ಹಾಗಾದರೆ ಆ ಮತದಾರರ ಮುಂದೆ ಇದ್ದ ಲೆಕ್ಕಪತ್ರದಲ್ಲಿ ಏನೇನಿತ್ತು?

ನ್ಯಾಯವಾಗಿ ಹೇಳುವುದಾದರೆ, ಮೊದಲ ಪುಟದಲ್ಲಿ ಒಳಿತು ಬಹಳವಿತ್ತು. 18 ವರ್ಷಗಳ ಕನ್ಸರ್ವೇಟಿವ್ ಆಡಳಿತದ ಬಳಿಕ 1997ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರಕಾರವು ರಾಷ್ಟ್ರೀಯ ಕನಿಷ್ಠ ವೇತನವನ್ನು ಜಾರಿಗೊಳಿಸಿತು. 1999ರ ಏಪ್ರಿಲ್‌ನಲ್ಲಿ ಗಂಟೆಗೆ 3.60 ಪೌಂಡ್‌ನಿಂದ ಆರಂಭವಾದ ಈ ವೇತನ 2004ರ ಅಕ್ಟೋಬರ್‌ನಲ್ಲಿ 4.85 ಪೌಂಡ್‌ಗೆ ಏರಿತ್ತು. ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ, ಹೊಟೇಲುಗಳಲ್ಲಿ, ಶುಚಿತ್ವದ ಕೆಲಸಗಳಲ್ಲಿ ದುಡಿಯುತ್ತಿದ್ದವರಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ಮಕ್ಕಳಿರುವ ಬಡ ಕುಟುಂಬಗಳಿಗೆ ತೆರಿಗೆ ಮರುಪಾವತಿಯ ರೂಪದಲ್ಲಿ ನೆರವು ದೊರೆಯಿತು. 1998ರ ಒಪ್ಪಂದವು ಉತ್ತರ ಐರ್ಲೆಂಡಿನ ದೀರ್ಘಕಾಲದ ರಕ್ತಪಾತಕ್ಕೆ ತಡೆಹಾಕಿತು. ಆರೋಗ್ಯ ಸೇವೆಗಾಗಿಯೇ 2003ರಲ್ಲಿ ರಾಷ್ಟ್ರೀಯ ವಿಮಾ ವಂತಿಗೆಯನ್ನು ಶೇಕಡಾ ಒಂದರಷ್ಟು ಹೆಚ್ಚಿಸಲಾಯಿತು. ಸರಕಾರ ಅಧಿಕಾರಕ್ಕೆ ಬಂದಾಗ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಚಿಕಿತ್ಸೆಗಾಗಿ ಕಾಯುತ್ತಿದ್ದವರ ಸಂಖ್ಯೆ 11 ಲಕ್ಷ ದಾಟಿತ್ತು. 2005ರ ಹೊತ್ತಿಗೆ ಅದು 8 ಲಕ್ಷದ ಆಸುಪಾಸಿಗೆ ಇಳಿದಿತ್ತು.

ಆದರೆ ಅದೇ ಲೆಕ್ಕಪತ್ರದ ಇನ್ನೊಂದು ಪುಟ ರಕ್ತದಿಂದ ತೊಯ್ದಿತ್ತು. ಇರಾಕ್ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ, ಅವುಗಳಲ್ಲಿ ಕೆಲವನ್ನು 45 ನಿಮಿಷಗಳಲ್ಲಿ ಪ್ರಯೋಗಿಸಲು ಸಾಧ್ಯ ಎಂದು 2002ರ ಸೆಪ್ಟೆಂಬರ್‌ನಲ್ಲಿ ಸರಕಾರ ದಸ್ತಾವೇಜನ್ನೇ ಪ್ರಕಟಿಸಿತ್ತು. 2003ರ ಫೆಬ್ರವರಿ 15ರಂದು ಲಂಡನ್ನಿನ ಬೀದಿಗಳಲ್ಲಿ ಲಕ್ಷಾಂತರ ಜನರು ಯುದ್ಧ ಬೇಡವೆಂದು ಮೆರವಣಿಗೆ ಹೊರಟರು. ಪೊಲೀಸರ ಲೆಕ್ಕದಲ್ಲೇ ಅವರ ಸಂಖ್ಯೆ ಏಳೂವರೆ ಲಕ್ಷ. ಮಾರ್ಚ್ 17ರಂದು ಹಿರಿಯ ಸಚಿವ ರಾಬಿನ್ ಕುಕ್ ರಾಜೀನಾಮೆ ನೀಡಿದರು. ಮರುದಿನ ಸಂಸತ್ತಿನಲ್ಲಿ, ಯುದ್ಧಕ್ಕೆ ಸಾಕಷ್ಟು ಕಾರಣ ಇನ್ನೂ ಸಾಬೀತಾಗಿಲ್ಲವೆಂಬ ತಿದ್ದುಪಡಿಯನ್ನು ಆಡಳಿತ ಪಕ್ಷದ್ದೇ ಆದ 139 ಸದಸ್ಯರು ಬೆಂಬಲಿಸಿದರು. ಆದರೂ ಯುದ್ಧದ ನಿರ್ಣಯವು 412-149 ಮತಗಳಿಂದ ಅಂಗೀಕಾರವಾಯಿತು. ಯುದ್ಧ ನಡೆಯಿತು. ಅಸ್ತ್ರಗಳು ಮಾತ್ರ ಸಿಗಲಿಲ್ಲ. 2004ರಲ್ಲಿ ಅಮೆರಿಕದವರೇ ನೇಮಿಸಿದ ಶೋಧ ತಂಡವು ಅಂತಹ ದಾಸ್ತಾನು ಇರಲಿಲ್ಲವೆಂದು ವರದಿ ನೀಡಿತು.

ಇದಕ್ಕೆ ಇನ್ನೊಂದು ಸೇರ್ಪಡೆಯಾಯಿತು. ಯುದ್ಧದ ಕಾನೂನುಬದ್ಧತೆಯ ಕುರಿತು ಅಟಾರ್ನಿ ಜನರಲ್ ಲಾರ್ಡ್ ಗೋಲ್ಡ್‌ಸ್ಮಿತ್ 2003ರ ಮಾರ್ಚ್ 7ರಂದು ಪ್ರಧಾನಿಗೆ ನೀಡಿದ್ದ ದೀರ್ಘ ಅಭಿಪ್ರಾಯದಲ್ಲಿ ಹಲವು ಸಂದೇಹಗಳಿದ್ದವು. ಹತ್ತು ದಿನಗಳ ಬಳಿಕ ಸಂಸತ್ತಿನ ಮುಂದಿಟ್ಟ ಚುಟುಕು ಉತ್ತರದಲ್ಲಿ ಆ ಸಂದೇಹಗಳಿಗೆ ಜಾಗವಿರಲಿಲ್ಲ. ಸೋರಿಕೆಯ ಬಳಿಕ ಸರಕಾರವು ಮೂಲ ಅಭಿಪ್ರಾಯವನ್ನು ಪೂರ್ಣವಾಗಿ ಪ್ರಕಟಿಸಿದ್ದು 2005ರ ಏಪ್ರಿಲ್ 28ರಂದು. ಅಂದರೆ ಮೇಲೆ ಹೇಳಿದ ಟಿವಿ ಚರ್ಚೆ ನಡೆದ ದಿನವೇ! ವೈದ್ಯರ ಭೇಟಿಗಾಗಿ ಅಲೆದಾಡಿದ ತಾಯಿಯ ಪ್ರಶ್ನೆಯೂ ಯುದ್ಧದ ಪ್ರಶ್ನೆಯೂ ಒಂದೇ ದಿನ ಒಬ್ಬನೇ ವ್ಯಕ್ತಿಯ ಎದುರು ಬಂದು ನಿಂತವು.

ಮತದಾರನ ಸಂಕಟ ಇಲ್ಲಿಂದಲೇ ಆರಂಭವಾಗುತ್ತದೆ. ಯುದ್ಧವನ್ನು ವಿರೋಧಿಸಿ ಸರಕಾರವನ್ನು ಶಿಕ್ಷಿಸಬೇಕೆಂದರೆ ಮತ ಕೊಡುವುದು ಯಾರಿಗೆ? ಪ್ರಮುಖ ವಿರೋಧ ಪಕ್ಷವಾದ ಕನ್ಸರ್ವೇಟಿವ್ ಪಕ್ಷ ಯುದ್ಧದ ಪರವಾಗಿಯೇ ಮತ ನೀಡಿತ್ತು. ಮೈಕೆಲ್ ಹೋವರ್ಡ್ ನೇತೃತ್ವದಲ್ಲಿ ಅದು ನಡೆಸಿದ ಪ್ರಚಾರದ ಮುಖ್ಯ ಸರಕು ವಲಸಿಗರ ಮೇಲಿನ ನಿರ್ಬಂಧವಾಗಿತ್ತು. ಯುದ್ಧವನ್ನು ವಿರೋಧಿಸಿದ್ದ ಚಾರ್ಲ್ಸ್ ಕೆನಡಿಯವರ ಲಿಬರಲ್ ಡೆಮಾಕ್ರಟ್ ಪಕ್ಷಕ್ಕೆ ಸರಕಾರ ರಚಿಸುವ ಶಕ್ತಿ ಇರಲಿಲ್ಲ. ‘ಗಾರ್ಡಿಯನ್’ ಪತ್ರಿಕೆಯ ಅಂಕಣಗಾರ್ತಿ ಪಾಲಿ ಟಾಯ್ನ್‌ಬಿ, ಅಸಹ್ಯವಾದರೆ ಮೂಗು ಮುಚ್ಚಿಕೊಂಡಾದರೂ ಲೇಬರ್‌ಗೇ ಮತ ಹಾಕಿರೆಂದು ಓದುಗರಿಗೆ ಕರೆಕೊಟ್ಟರು. ಕನಿಷ್ಠ ವೇತನ ಪಡೆಯುವ ಬಡವನ ಹಿತವನ್ನು ಯುದ್ಧದ ಕೋಪಕ್ಕಾಗಿ ಬಲಿಕೊಡುವುದು ಸರಿಯಲ್ಲವೆಂಬುದು ಒಂದು ವಾದ. ಸಾವಿರಾರು ಅಮಾಯಕರ ಸಾವಿಗೆ ಕಾರಣರಾದವರನ್ನು ನಮ್ಮೂರ ಶಾಲೆಗೆ ಹೊಸ ಮಾಡು ಬಂತೆಂದು ಕ್ಷಮಿಸುವುದು ಹೇಗೆ ಎಂಬುದು ಪ್ರತಿವಾದ. ಎರಡೂ ವಾದಗಳಲ್ಲಿ ಪ್ರಾಮಾಣಿಕತೆ ಇತ್ತು. ಅಂಗಡಿಗಳಲ್ಲಿ, ಬಸ್ಸುಗಳಲ್ಲಿ, ಊಟದ ಮೇಜಿನಲ್ಲಿ ಒಂದೇ ಕುಟುಂಬದ ಸದಸ್ಯರು ಈ ಎರಡು ಬದಿಗಳಲ್ಲಿ ನಿಂತು ವಾದಿಸಿದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಬ್ರಿಟನ್ನಿನ ಮುಸ್ಲಿಮರ ಪಾಲಿಗೆ ಈ ಸಂಕಟ ಇಮ್ಮಡಿಯಾಗಿತ್ತು. 2001ರ ಜನಗಣತಿಯ ಪ್ರಕಾರ ಅವರ ಸಂಖ್ಯೆ ಸುಮಾರು 16 ಲಕ್ಷ. ದಶಕಗಳಿಂದ ಅವರು ಬಹುಮಟ್ಟಿಗೆ ಲೇಬರ್ ಪಕ್ಷದ ಬೆನ್ನಿಗೆ ನಿಂತವರು. ಈ ಸರಕಾರದಿಂದ ಅವರಿಗೆ ಏನೂ ದೊರೆತಿಲ್ಲವೆಂದು ಹೇಳುವಂತಿರಲಿಲ್ಲ. ಮುಸ್ಲಿಮರು ನಡೆಸುವ ಶಾಲೆಯೊಂದಕ್ಕೆ ಮೊತ್ತಮೊದಲ ಬಾರಿಗೆ ಸರಕಾರದ ಅನುದಾನ ದೊರೆತದ್ದು 1998ರಲ್ಲಿ, ಲಂಡನ್ನಿನ ಇಸ್ಲಾಮಿಯಾ ಶಾಲೆಗೆ. ಉದ್ಯೋಗದಲ್ಲಿ ಧರ್ಮದ ಆಧಾರದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುವ ನಿಯಮ 2003ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಇನ್ನೊಂದು ಬದಿಯಲ್ಲಿ, 2001ರ ಭಯೋತ್ಪಾದನಾ ವಿರೋಧಿ ಕಾನೂನಿನಡಿ ವಿದೇಶೀಯರನ್ನು ವಿಚಾರಣೆಯಿಲ್ಲದೆ ಬೆಲ್‌ಮಾರ್ಶ್ ಸೆರೆಮನೆಯಲ್ಲಿ ಕೂಡಿಹಾಕಲಾಗಿತ್ತು. ಇದು ಮಾನವ ಹಕ್ಕುಗಳಿಗೆ ವಿರುದ್ಧವೆಂದು ಅಂದಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಭುಗಳ ಸಭೆಯ ನ್ಯಾಯಾಧೀಶರು 2004ರ ಡಿಸೆಂಬರ್‌ನಲ್ಲಿ 8-1ರ ಬಹುಮತದಿಂದ ತೀರ್ಪಿತ್ತರು. ಶಾಲೆಗೆ ಅನುದಾನ ನೀಡಿದ ಕೈ ಮತ್ತು ವಿಚಾರಣೆಯಿಲ್ಲದೆ ಬಾಗಿಲು ಮುಚ್ಚಿದ ಕೈ ಒಂದೇ ಆಗಿತ್ತು.

ಈ ಮತದಾರರು ಒಂದೇ ಬಗೆಯಾಗಿ ಮತ ನೀಡಲಿಲ್ಲ ಎಂಬುದು ಗಮನಾರ್ಹ. ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್ ಮತ್ತು ಬೋ ಕ್ಷೇತ್ರದಲ್ಲಿ ಬಾಂಗ್ಲಾ ಮೂಲದ ಮತದಾರರು ದೊಡ್ಡ ಸಂಖ್ಯೆಯಲ್ಲಿದ್ದರು. ಯುದ್ಧದ ಪರ ಮತ ಹಾಕಿದ್ದ ಲೇಬರ್ ಸಂಸದೆ ಊನಾ ಕಿಂಗ್‌ರ ವಿರುದ್ಧ ಅಲ್ಲಿ ರೆಸ್ಪೆಕ್ಟ್ ಪಕ್ಷದಿಂದ ಜಾರ್ಜ್ ಗ್ಯಾಲೊವೇ ಸ್ಪರ್ಧಿಸಿದರು. 2001ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದ ಸಂಸದೆ ಈ ಬಾರಿ 823 ಮತಗಳಿಂದ ಸೋತರು. ಆದರೆ ಉತ್ತರದ ಬ್ಲ್ಯಾಕ್‌ಬರ್ನ್‌ನಲ್ಲಿ ಕಥೆ ಬೇರೆಯಾಯಿತು. ಗುಜರಾತ್ ಮತ್ತು ಪಾಕಿಸ್ತಾನ ಮೂಲದ ಮುಸ್ಲಿಮರು ಬಹುಸಂಖ್ಯೆಯಲ್ಲಿ ನೆಲೆಸಿರುವ ಆ ಪಟ್ಟಣದ ಸಂಸದ ಬೇರಾರೂ ಅಲ್ಲ, ಯುದ್ಧದ ವೇಳೆ ವಿದೇಶಾಂಗ ಸಚಿವರಾಗಿದ್ದ ಜಾಕ್ ಸ್ಟ್ರಾ. ಅವರು ಸುಮಾರು 8 ಸಾವಿರ ಮತಗಳ ಅಂತರದಿಂದ ಮತ್ತೆ ಗೆದ್ದರು. ದಶಕಗಳಿಂದ ತಮ್ಮ ಕಷ್ಟಸುಖಗಳಲ್ಲಿ ಒದಗಿದ ಸಂಸದನೆಂಬ ನೆನಪು, ಊರಿನ ಹಿರಿಯರ ನಂಟು ಇವೆಲ್ಲ ಅಲ್ಲಿ ಕೆಲಸ ಮಾಡಿದವು. ಒಂದು ಊರು ಶಿಕ್ಷಿಸಿತು, ಇನ್ನೊಂದು ಊರು ಕ್ಷಮಿಸಿತು. ಸಮುದಾಯವೊಂದು ಕಣ್ಣುಮುಚ್ಚಿ ಒಂದೇ ಗುಂಡಿ ಒತ್ತುವ ಮಂದೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಹಾಗೆಂದು ನಾವು ಇತರರ ತಪ್ಪುಗಳನ್ನಷ್ಟೇ ಎಣಿಸಿ ಸಮುದಾಯದ ತಪ್ಪುಗಳನ್ನು ಮರೆಮಾಚಲಾಗದು. ಸರಕಾರದ ಲೆಕ್ಕ ಕೇಳುವವನು ತನ್ನ ಮತದ ಲೆಕ್ಕವನ್ನೂ ಶುದ್ಧವಾಗಿಟ್ಟುಕೊಂಡಿರಬೇಕು. 2004ರ ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ನಗರಸಭೆಗೆ ನಡೆದ ಚುನಾವಣೆಯಲ್ಲಿ ಆಸ್ಟನ್ ಮತ್ತು ಬೋರ್ಡ್‌ಸ್ಲಿ ಗ್ರೀನ್ ಎಂಬ ಎರಡು ವಾರ್ಡುಗಳಲ್ಲಿ ಅಂಚೆ ಮತಗಳ ವ್ಯಾಪಕ ವಂಚನೆ ನಡೆಯಿತು. ವಿಚಾರಣೆ ನಡೆಸಿದ ನ್ಯಾಯಾಧೀಶ ರಿಚರ್ಡ್ ಮಾವ್ರಿ 2005ರ ಏಪ್ರಿಲ್‌ನಲ್ಲಿ, ಅಂದರೆ ಮಹಾಚುನಾವಣೆಯ ತಿಂಗಳಿನ ಮುಂಚೆ, ಆ ಎರಡೂ ಫಲಿತಾಂಶಗಳನ್ನು ಅತ್ಯಂತ ಕಟು ಮಾತುಗಳೊಂದಿಗೆ ರದ್ದುಪಡಿಸಿದರು. ಇವು ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿ ವಾಸಿಸುವ ವಾರ್ಡುಗಳಾಗಿದ್ದವು. ಹುಟ್ಟೂರಿನ ಬಿರಾದರಿಯ ಸಂಬಂಧಗಳು ಸಾಗರ ದಾಟಿ ಬಂದು ಅಲ್ಲಿನ ವಾರ್ಡುಗಳಲ್ಲಿ ಮತಗಳ ಗುತ್ತಿಗೆಯಾಗಿ ಮಾರ್ಪಟ್ಟಿದ್ದವೆಂಬ ದೂರು ಬಹುಕಾಲದಿಂದ ಇತ್ತು. ಮನೆಗೆ ಬಂದ ಅಂಚೆ ಮತಪತ್ರಗಳನ್ನು ಮನೆಯ ಯಜಮಾನನೇ ತುಂಬಿ, ಪತ್ನಿ ಮತ್ತು ವಯಸ್ಕ ಮಕ್ಕಳಿಂದ ಸಹಿ ಹಾಕಿಸುವ ಪದ್ಧತಿಯ ಬಗ್ಗೆಯೂ ಆಕ್ಷೇಪಗಳು ಕೇಳಿಬಂದಿದ್ದವು. ಸಂಸತ್ತಿನಲ್ಲಿ ನಮ್ಮ ಧ್ವನಿ ಕೇಳುತ್ತಿಲ್ಲವೆಂದು ಗೋಳಿಡುವ ಗಂಡಸು ತನ್ನ ಮನೆಯೊಳಗೇ ಮೂರು ಧ್ವನಿಗಳನ್ನು ಅಡಗಿಸಿಟ್ಟರೆ ಅವನಿಗೆ ಲೆಕ್ಕ ಕೇಳುವ ಯಾವ ನೈತಿಕತೆ ಉಳಿಯುತ್ತದೆ? ವೈದ್ಯರ ಭೇಟಿಯ ತೊಂದರೆಯನ್ನು ಪ್ರಧಾನಿಯ ಮುಂದಿಟ್ಟದ್ದು ಮಗುವನ್ನು ಹೊತ್ತು ಅಲೆದ ತಾಯಿ ಎಂಬುದನ್ನು ಮರೆಯಬಾರದು. ಆಡಳಿತದ ಪರಿಣಾಮ ಮೊದಲು ತಟ್ಟುವುದು ಅಡುಗೆಮನೆಗೆ. ಅಲ್ಲಿರುವವರ ಮತವನ್ನು ಕಸಿದುಕೊಂಡ ಸಮುದಾಯ ಅರ್ಧ ಲೆಕ್ಕಪತ್ರವನ್ನು ಹರಿದುಹಾಕಿದಂತೆ. ಈ ಕಾರಣದಿಂದಲೇ, 2010ರಲ್ಲಿ ರುಶನಾರಾ ಅಲಿ, ಶಬಾನಾ ಮಹ್ಮೂದ್ ಮತ್ತು ಯಾಸ್ಮಿನ್ ಖುರೇಶಿ ಎಂಬ ಮೂವರು ಮುಸ್ಲಿಮ್ ಮಹಿಳೆಯರು ಮೊದಲ ಬಾರಿಗೆ ಆ ಸಂಸತ್ತನ್ನು ಪ್ರವೇಶಿಸಿದ್ದನ್ನು ನಾವು ಕೇವಲ ಪಕ್ಷವೊಂದರ ಗೆಲುವಾಗಿ ಕಾಣುವುದಿಲ್ಲ.

ಇನ್ನು 2005ರ ಮೇ 5ರ ಫಲಿತಾಂಶಕ್ಕೆ ಬರೋಣ. ಬ್ಲೇರ್ ಗೆದ್ದರು. ಲೇಬರ್ ಪಕ್ಷವು ಸತತ ಮೂರನೆಯ ಬಾರಿ ಅಧಿಕಾರ ಹಿಡಿದದ್ದು ಅದರ ಇತಿಹಾಸದಲ್ಲೇ ಪ್ರಥಮ. ಆದರೆ ಆ ಗೆಲುವಿನ ಒಳಗನ್ನು ನೋಡಬೇಕು. 1997ರಲ್ಲಿ ಒಂದು ಕೋಟಿ 35 ಲಕ್ಷ ಜನರು ಮತ ಕೊಟ್ಟಿದ್ದ ಪಕ್ಷಕ್ಕೆ ಈ ಬಾರಿ ದೊರೆತದ್ದು 96 ಲಕ್ಷಕ್ಕಿಂತಲೂ ಕಡಿಮೆ. ಶೇಕಡಾ 35.2ರಷ್ಟು ಮತದಿಂದ ಅದು 355 ಸ್ಥಾನಗಳನ್ನು ಪಡೆಯಿತು. ಮತದಾನವೇ ಶೇಕಡಾ 61ರ ಆಸುಪಾಸಿನಲ್ಲಿತ್ತು. ಬಹುಮತದ ಅಂತರ 167ರಿಂದ 66ಕ್ಕೆ ಕುಸಿಯಿತು.

ಪ್ರಧಾನಿಯ ಸ್ವಂತ ಕ್ಷೇತ್ರವಾದ ಸೆಜ್‌ಫೀಲ್ಡ್‌ನಲ್ಲಿ ಆ ರಾತ್ರಿ ಇನ್ನೊಂದು ದೃಶ್ಯ ಕಾಣಸಿಕ್ಕಿತು. 2003ರ ಜೂನ್‌ನಲ್ಲಿ ಇರಾಕ್‌ನಲ್ಲಿ ಸೈನಿಕನಾಗಿದ್ದ ಮಗನನ್ನು ಕಳೆದುಕೊಂಡ ರೆಗ್ ಕೀಸ್ ಎಂಬ ತಂದೆ ಅಲ್ಲಿ ಪಕ್ಷೇತರನಾಗಿ ಸ್ಪರ್ಧಿಸಿದ್ದರು. ಅವರಿಗೆ ದೊರೆತದ್ದು ನಾಲ್ಕು ಸಾವಿರಕ್ಕೂ ಸ್ವಲ್ಪ ಹೆಚ್ಚು ಮತ; ಬ್ಲೇರ್‌ಗೆ 24 ಸಾವಿರಕ್ಕೂ ಹೆಚ್ಚು. ಫಲಿತಾಂಶ ಘೋಷಣೆಯಾದ ಬಳಿಕ ಅದೇ ವೇದಿಕೆಯಿಂದ ಆ ತಂದೆ ಮಾತನಾಡಿದರು. ಮಡಿದ ಸೈನಿಕರ ಕುಟುಂಬಗಳ ಕ್ಷಮೆಯನ್ನು ಪ್ರಧಾನಿ ಒಂದು ದಿನ ಕೇಳಲೆಂಬ ಆಶಯವನ್ನು ವ್ಯಕ್ತಪಡಿಸಿದರು. ಅವರ ಹಿಂದೆ ಕಲ್ಲಿನಂತೆ ನಿಂತು ಬ್ಲೇರ್ ಕೇಳಿಸಿಕೊಳ್ಳಬೇಕಾಯಿತು. ಆ ನಿಮಿಷಗಳಲ್ಲಿ ಗೆದ್ದವರು ಯಾರು, ಸೋತವರು ಯಾರು? ಮತಗಳ ಎಣಿಕೆ ಇದಕ್ಕೆ ಉತ್ತರ ನೀಡಲಾರದು.

ಸರಕಾರ ಉಳಿಯಿತಲ್ಲ, ಹಾಗಾದರೆ ಈ ಎಲ್ಲ ಚರ್ಚೆ, ಕೋಪ, ಪ್ರಶ್ನೆಗಳಿಂದ ಆದ ಲಾಭವೇನು ಎಂದು ಕೇಳುವವರಿದ್ದಾರೆ. ಅವರಿಗೆ ನಾವು ಆರು ತಿಂಗಳ ಬಳಿಕದ ಘಟನೆಯೊಂದನ್ನು ತೋರಿಸಬಯಸುತ್ತೇವೆ. 2005ರ ಜುಲೈ 7ರಂದು ಲಂಡನ್ನಿನ ರೈಲುಗಳಲ್ಲಿ ಮತ್ತು ಬಸ್ಸಿನಲ್ಲಿ ನಡೆದ ಬಾಂಬ್ ದಾಳಿಗಳು 52 ಮಂದಿ ಅಮಾಯಕರನ್ನು ಬಲಿತೆಗೆದುಕೊಂಡವು. ಯಾವ ನೆಪವೂ ಸಮರ್ಥಿಸಲಾಗದ ಹೀನ ಕೃತ್ಯವದು. ಅದರ ಬೆನ್ನಿಗೆ, ಭಯೋತ್ಪಾದನೆಯ ಶಂಕಿತರನ್ನು ಆರೋಪ ಹೊರಿಸದೆಯೇ 90 ದಿನಗಳವರೆಗೆ ಬಂಧನದಲ್ಲಿಡುವ ಅಧಿಕಾರವನ್ನು ಸರಕಾರ ಬಯಸಿತು. ಅಲ್ಲಿಯವರೆಗೆ ಆ ಮಿತಿ 14 ದಿನವಾಗಿತ್ತು. ಇಂತಹ ಕಾನೂನಿನ ಬಿಸಿ ಮೊದಲು ಯಾರ ಮನೆಬಾಗಿಲಿಗೆ ತಟ್ಟುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ನವೆಂಬರ್ 9ರಂದು ಸಂಸತ್ತಿನಲ್ಲಿ ಆ ಪ್ರಸ್ತಾವ 322-291 ಮತಗಳಿಂದ ಬಿದ್ದುಹೋಯಿತು. ಆಡಳಿತ ಪಕ್ಷದ 49 ಸದಸ್ಯರು ವಿರುದ್ಧ ಮತ ಹಾಕಿದ್ದರು. ಕೆಳಮನೆಯಲ್ಲಿ ಬ್ಲೇರ್ ಕಂಡ ಪ್ರಥಮ ಸೋಲು ಅದು. ಮಿತಿ 28 ದಿನಕ್ಕೆ ನಿಂತಿತು. ಓದುಗರು ಸ್ವತಃ ಲೆಕ್ಕ ಹಾಕಿ ನೋಡಲಿ: ಹಿಂದಿನಂತೆ 167ರ ಬಹುಮತ ಇದ್ದಿದ್ದರೆ 49 ಮಂದಿಯ ಬಂಡಾಯದಿಂದ ಸರಕಾರದ ಕೂದಲೂ ಕೊಂಕುತ್ತಿರಲಿಲ್ಲ. ಮೇ ತಿಂಗಳಲ್ಲಿ ಮತದಾರರು ಮೊಟಕುಗೊಳಿಸಿದ ಬಹುಮತವೇ ನವೆಂಬರ್‌ನಲ್ಲಿ ನಾಗರಿಕ ಸ್ವಾತಂತ್ರ್ಯಕ್ಕೆ ಗುರಾಣಿಯಾಯಿತು. ಸರಕಾರವನ್ನು ಉರುಳಿಸದೆಯೂ ಅದರ ಕೈಗೆ ಕಡಿವಾಣ ಹಾಕಲು ಸಾಧ್ಯವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ಪ್ರಶ್ನೆಗಳೂ ವ್ಯರ್ಥವಾಗಲಿಲ್ಲ. ಬ್ಲೇರ್ 2007ರ ಜೂನ್‌ನಲ್ಲಿ ಅಧಿಕಾರ ಬಿಟ್ಟರು. 179 ಬ್ರಿಟಿಷ್ ಸೈನಿಕರನ್ನೂ ಲೆಕ್ಕವಿಲ್ಲದಷ್ಟು ಇರಾಕಿಗಳನ್ನೂ ಬಲಿಪಡೆದ ಆ ಯುದ್ಧದ ಬಗ್ಗೆ ಸರ್ ಜಾನ್ ಚಿಲ್ಕಾಟ್ ನೇತೃತ್ವದ ವಿಚಾರಣಾ ಸಮಿತಿ 2016ರ ಜುಲೈ 6ರಂದು ವರದಿ ಪ್ರಕಟಿಸಿತು. ಶಾಂತಿಯುತ ಮಾರ್ಗಗಳು ಮುಗಿಯುವ ಮೊದಲೇ ಯುದ್ಧವನ್ನು ಆರಿಸಿಕೊಳ್ಳಲಾಗಿತ್ತು, ಅಸ್ತ್ರಗಳ ಬಗ್ಗೆ ತೋರಿಸಿದ ಖಚಿತತೆಗೆ ಸಮರ್ಥನೆ ಇರಲಿಲ್ಲ ಎಂದು ಅದು ಹೇಳಿತು. ಬೀದಿಯಲ್ಲಿ ಭಿತ್ತಿಫಲಕ ಹಿಡಿದು ನಿಂತ ಸಾಮಾನ್ಯರು 2003ರಲ್ಲೇ ಕೇಳಿದ್ದನ್ನು ಅಧಿಕೃತವಾಗಿ ಒಪ್ಪಿಕೊಳ್ಳಲು ಹದಿಮೂರು ವರ್ಷ ಬೇಕಾಯಿತು.

ಆದರೆ ಕೋಪದ ಮತವೇ ವಿವೇಕದ ಮತವಾಗುವುದಿಲ್ಲ ಎಂಬ ಎಚ್ಚರವೂ ಅಗತ್ಯ. ಬೆತ್ನಲ್ ಗ್ರೀನ್ ಅಷ್ಟೊಂದು ನಿರೀಕ್ಷೆಯಿಂದ ಆರಿಸಿದ ಸಂಸದ ಮರುವರ್ಷದ ಜನವರಿಯಲ್ಲಿ ವಾರಗಟ್ಟಲೆ ಟಿವಿಯ ರಿಯಾಲಿಟಿ ಕಾರ್ಯಕ್ರಮದ ಮನೆಯೊಳಗೆ ಕುಳಿತಿದ್ದರು. ಯುದ್ಧವನ್ನೂ ವಿಶ್ವವಿದ್ಯಾನಿಲಯದ ಶುಲ್ಕವನ್ನೂ ವಿರೋಧಿಸಿ ವಿದ್ಯಾರ್ಥಿಗಳ ಮತ ಗಳಿಸಿದ್ದ ಲಿಬರಲ್ ಡೆಮಾಕ್ರಟ್ ಪಕ್ಷವು 2010ರಲ್ಲಿ ಕನ್ಸರ್ವೇಟಿವ್ ಪಕ್ಷದೊಂದಿಗೆ ಅಧಿಕಾರ ಹಂಚಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಶುಲ್ಕದ ಮಿತಿ 9 ಸಾವಿರ ಪೌಂಡ್‌ಗೆ ಏರಿತು. 2015ರಲ್ಲಿ ಮತದಾರರು ಆ ಪಕ್ಷವನ್ನು 57 ಸ್ಥಾನಗಳಿಂದ 8ಕ್ಕೆ ಇಳಿಸಿದರು. ಶಿಕ್ಷಿಸಲು ಆರಿಸಿಕೊಂಡವರಿಂದಲೂ ಲೆಕ್ಕ ಕೇಳಬೇಕಾಗುತ್ತದೆ. ಈ ಸರಪಣಿಗೆ ಕೊನೆಯಿಲ್ಲ.

2024ರ ಜುಲೈ 4ರ ಚುನಾವಣೆಯಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಮರಳಿತು. ಆ ಬಾರಿ ಹದಿನಾಲ್ಕು ವರ್ಷಗಳ ಕನ್ಸರ್ವೇಟಿವ್ ಆಡಳಿತದ ಲೆಕ್ಕ ನಡೆಯಬೇಕಿತ್ತು. ಲೇಬರ್ ಪಕ್ಷ ಸುಮಾರು ಶೇಕಡಾ 34ರಷ್ಟು ಮತದಿಂದ ನಾನೂರಕ್ಕೂ ಹೆಚ್ಚು ಸ್ಥಾನ ಗೆದ್ದಿತು. ಆದರೆ ಗಾಝಾದ ವಿಚಾರದಲ್ಲಿ ಆ ಪಕ್ಷದ ನಿಲುವಿನಿಂದ ನೊಂದ ಮತದಾರರು ಲೆಸ್ಟರ್, ಬರ್ಮಿಂಗ್‌ಹ್ಯಾಮ್, ಬ್ಲ್ಯಾಕ್‌ಬರ್ನ್ ಮತ್ತು ಡ್ಯೂಸ್‌ಬರಿಗಳಲ್ಲಿ ನಾಲ್ವರು ಪಕ್ಷೇತರರನ್ನು ಗೆಲ್ಲಿಸಿದರು. 2005ರಲ್ಲಿ ಕ್ಷಮಿಸಿದ್ದ ಬ್ಲ್ಯಾಕ್‌ಬರ್ನ್ ಈ ಬಾರಿ ಕ್ಷಮಿಸಲಿಲ್ಲ. ಗೆದ್ದವರ ಮುಂದೆಯೂ ಅದೇ ಲೆಕ್ಕಪುಸ್ತಕ ತೆರೆದಿದೆ: ಗಾಝಾದ ಬಗ್ಗೆ ಮಾತನಾಡಿದ್ದೇ ಸಾಕೇ, ತಮ್ಮ ಊರಿನ ಬಾಡಿಗೆ ಮನೆ, ಆಸ್ಪತ್ರೆ, ಶಾಲೆಗಳ ಬಗ್ಗೆ ಮಾಡಿದ್ದೇನು?

ಈ ಎಲ್ಲದರಿಂದ ನಾವು ಪಡೆಯಬೇಕಾದ ಪಾಠ ಸರಳವಾಗಿದೆ. ಮತವು ಒಂದೇ, ಆದರೆ ಬಾಯಿಗೆ ಅಂತಹ ಮಿತಿಯಿಲ್ಲ. ಸರಕಾರಕ್ಕೆ ಮತ ಕೊಟ್ಟ ಮಾತ್ರಕ್ಕೆ ಅದರ ಪ್ರತಿಯೊಂದು ಪಾಪಕ್ಕೂ ಸಹಿ ಹಾಕಿದಂತಾಗುವುದಿಲ್ಲ; ಆದರೆ ಮತ ಕೊಟ್ಟು ಮೌನವಾದರೆ ಖಂಡಿತ ಆಗುತ್ತದೆ. ಕನಿಷ್ಠ ವೇತನಕ್ಕಾಗಿ ಬೆಂಬಲಿಸಿ ಯುದ್ಧಕ್ಕಾಗಿ ಛೀಮಾರಿ ಹಾಕಿದ ಮತದಾರ ಗೊಂದಲದಲ್ಲಿರಲಿಲ್ಲ. ಅವನು ಲೆಕ್ಕವನ್ನು ಬಾಬತ್ತುವಾರು ಓದಿದ್ದ. ಯುದ್ಧದ ಕಾರಣಕ್ಕೆ ಮತವನ್ನೇ ಹಿಂತೆಗೆದುಕೊಂಡವನೂ ಹಾಗೆಯೇ ಓದಿದ್ದ. ಓದದೆ ಇದ್ದವನು ಒಬ್ಬನೇ: ಹಿರಿಯರು ಹೇಳಿದರೆಂದು, ನೆರೆಯವನು ಹೇಳಿದನೆಂದು ಗುರುತು ಒತ್ತಿ ಮನೆಗೆ ಮರಳಿದವನು.

ಒಂದು ಕ್ಷೇತ್ರಕ್ಕೆ ಒಬ್ಬ ಪ್ರತಿನಿಧಿ, ಹೆಚ್ಚು ಮತ ಪಡೆದವನಿಗೆ ಗೆಲುವು ಎಂಬ ಪದ್ಧತಿಯನ್ನು ನಮ್ಮ ದೇಶ ಬ್ರಿಟನ್ನಿನಿಂದಲೇ ಪಡೆದಿದೆ. ಪದ್ಧತಿಯನ್ನು ಪಡೆದ ನಾವು ಪ್ರಶ್ನಿಸುವ ರೂಢಿಯನ್ನು ಎಷ್ಟರಮಟ್ಟಿಗೆ ಬೆಳೆಸಿಕೊಂಡಿದ್ದೇವೆ? ಅಭ್ಯರ್ಥಿ ಮನೆಬಾಗಿಲಿಗೆ ಬಂದಾಗ ನಾವು ಶಾಲು ಹೊದೆಸುತ್ತೇವೆ, ಛಾಯಾಚಿತ್ರ ತೆಗೆಸಿಕೊಳ್ಳುತ್ತೇವೆ. ಐದು ವರ್ಷ ಏನು ಮಾಡಿದಿರಿ ಎಂದು ಕೇಳುವುದು ಒರಟುತನವೆಂದು ಹಿಂಜರಿಯುತ್ತೇವೆ. ಆ ಹಿಂಜರಿಕೆಯನ್ನು ಮೊದಲು ಮನೆಯೊಳಗೆ ಮುರಿಯಬೇಕು. ಊಟದ ಹೊತ್ತಿನಲ್ಲಿ ತಂದೆ, ತಾಯಿ, ಮಗ, ಮಗಳು ಸರಕಾರದ ಕೆಲಸಗಳನ್ನು ಒಂದೊಂದಾಗಿ ಎತ್ತಿ ವಾದಿಸಲಿ. ಅಭಿಪ್ರಾಯ ಭೇದ ಬಂದರೆ ಬರಲಿ. ಒಂದೇ ಮನೆಯಿಂದ ಎರಡು ಬಗೆಯ ಮತ ಬಿದ್ದರೂ ಬೀಳಲಿ. ಅಂದು ಪ್ರಧಾನಿಯನ್ನು ತಬ್ಬಿಬ್ಬುಗೊಳಿಸಿದ್ದು ಯಾವುದೇ ವಿದ್ವಾಂಸನ ವಾದವಲ್ಲ. ತನ್ನ ಮಗುವಿಗೆ ವೈದ್ಯರನ್ನು ತೋರಿಸಬೇಕಾಗಿದ್ದ ತಾಯಿಯೊಬ್ಬರ ನೇರ ಮಾತು. ಅಂತಹ ಮಾತು ನಮ್ಮ ಪ್ರತಿ ಮನೆಯಲ್ಲೂ ಇದೆ. ಅದು ಹೊಸ್ತಿಲು ದಾಟಿ ಹೊರಬರಬೇಕಾಗಿದೆ.